ಗುರುವಯ್ಯನ ಕಿವಿಗೆ ನ್ಯಾಯ ಕೊಡಿಸಿದ ಡಾ. ಸುಕನ್ಯಾ

ಕಿವಿ ಮಂದವಾದರೆ ಹಣೆಬರಹವೆಂದು ಸುಮ್ಮನಾಗುತ್ತಿದ್ದ ಕಾಫಿ ಸೀಮೆಗೆ, ಶ್ರವಣವಿಜ್ಞಾನವೆಂಬ ಶಾಸ್ತ್ರವೊಂದಿದೆಯೆಂದು ತೋರಿಸಿಕೊಟ್ಟ ಹಿರಿಮೆ ಡಾ. ಸುಕನ್ಯಾ ಅವರದು. ಮೂಡಿಗೆರೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ೧೯೯೧ರಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಯೊಂದನ್ನು ಸೇರಿದ ಅವರು, ಔಷಧಿ ದಾಸ್ತಾನಿನ ಪಕ್ಕದ ಕೋಣೆಯ ಗೋಡೆಗಳಿಗೆ ಗೋಣಿಚೀಲ ಹೊಡೆಸಿ ಹೊರಗಿನ ಸದ್ದು ತಡೆದು, ಅಲ್ಲೇ ಕಿವಿ ಪರೀಕ್ಷೆ ಆರಂಭಿಸಿದರು.

೧೯೯೬ರಲ್ಲಿ ಮುತ್ತಮ್ಮ ತನ್ನ ಗಂಡ ಗುರುವಯ್ಯನನ್ನು ಅಲ್ಲಿಗೆ ಕರೆತಂದಳು. ಆತ ಕಾಫಿ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಬೀಜದ ಸಿಪ್ಪೆ ತೆಗೆಯುವ ಯಂತ್ರ ನಡೆಸುತ್ತಿದ್ದ. ಮೇಸ್ತ್ರಿ "ಸಾಕು, ಸಾಕು" ಎಂದರೂ ಬೀಜ ಸುರಿಯುತ್ತಲೇ ಹೋಗಿ ಯಂತ್ರ ಕಟ್ಟಿಕೊಂಡಿತ್ತು, ಕೆಲಸ ಹೋಗುವುದರಲ್ಲಿತ್ತು.

"ಲಾರಿ ಬಂದ್ರೆ ಎಲ್ಲರಿಗಿಂತ ಮೊದ್ಲು ಇವ್ರಿಗೇ ಕೇಳ್ತದೆ. ಮಾತು ಮಾತ್ರ ತಿಳಿಯಲ್ಲ ಅಂದ್ರೆ ಯಾರು ನಂಬ್ತಾರೆ ಅಮ್ಮಾ?" ಎಂದು ಮುತ್ತಮ್ಮ ಅತ್ತಳು.

ಸುಕನ್ಯಾ ನಂಬಿದರು. ಪರೀಕ್ಷೆಯಲ್ಲಿ ದಪ್ಪ ಸದ್ದುಗಳೆಲ್ಲ ಆತನಿಗೆ ಕೇಳಿದವು. ಕೀರಲು ಸದ್ದು ಒಂದೂ ಕೇಳಲಿಲ್ಲ. ಅವರು ಗಂಡಹೆಂಡಿರನ್ನು ಕರೆದುಕೊಂಡು ಮಾಲೀಕರಾದ ಹರ್ಷವರ್ಧನರ ಎದುರು ಕುಳಿತರು.

"ಕೂಗಿ ಹೇಳಿದ್ರೂ ಕೇಳಲ್ಲ ಮೇಡಂ. ಬರೀ ಸೊಕ್ಕು," ಎಂದರು ಹರ್ಷವರ್ಧನ.

"ಕೂಗಿದ್ರೆ ಪ್ರಯೋಜನ ಇಲ್ಲ. ಕಿವಿಯ ಒಳಗೆ ಸುರುಳಿ ಸುತ್ತಿದ ಕೊಳವೆ ಇದೆ. ಕೀರಲು ಸದ್ದಿನ ಜಾಗ ಅದರ ಬಾಗಿಲಲ್ಲೇ, ದಪ್ಪ ಸದ್ದಿನದ್ದು ತುದಿಯಲ್ಲಿ. ಕೀರಲು ಸದ್ದು ಸೆಕೆಂಡಿಗೆ ಸಾವಿರಾರು ಸಲ ನಡುಗ್ತದೆ. ಅಷ್ಟು ಬೇಗ ಮಿಡಿಯೋದು ನರದ ಯಾವ ಎಳೆಗೂ ಆಗಲ್ಲ. ಯಾವ ಜಾಗದ ಎಳೆ ಮಿಡೀತು ಅನ್ನೋದ್ರಿಂದ್ಲೇ ಮೆದುಳು ಸದ್ದು ಗುರುತಿಸ್ತದೆ. ನಿಮ್ಮ ಯಂತ್ರದ ಗದ್ದಲಕ್ಕೆ ಇವ್ರ ಕಿವಿಲಿ ಆ ಜಾಗವೇ ಸತ್ತಿದೆ. ಅಲ್ಲಿನ ಎಳೆಗಳಿಗೆ ಸುದ್ದಿ ಮುಟ್ಟಿಸೋರೇ ಇಲ್ಲ."

ಹರ್ಷವರ್ಧನರು ಅಡ್ಡಡ್ಡ ತಲೆಯಾಡಿಸಿದರು, ಒಪ್ಪಲಿಲ್ಲ. ಸುಕನ್ಯಾ, ತಮ್ಮದೇ ದನಿಯ ಒಂದು ಮಾತಿನಿಂದ ಕೀರಲು ಅಂಶವನ್ನೆಲ್ಲ ತೆಗೆದು ಮುದ್ರಿಸಿದ್ದ ಕ್ಯಾಸೆಟ್ಟೊಂದನ್ನು ಹಾಕಿದರು.

"ಏನು ಕೇಳ್ತು, ಹೇಳಿ."

"ಹಾಕು," ಎಂದರು ಹರ್ಷವರ್ಧನ.

ಮತ್ತೆ ಹಾಕಿದರು.

"ಹಾಕು ಅಂತಲೇ ಅಲ್ವಾ?"

"ನಾನು ಹೇಳಿದ್ದು, ಸಾಕು," ಎಂದರು ಸುಕನ್ಯಾ. "'ಸ' ಅನ್ನೋದು ಕೀರಲು ಸದ್ದು, ಅದು ಹೋದ್ರೆ ಇವ್ರಿಗೆ ಕೇಳೋದು ಹೀಗೇ."

ಹರ್ಷವರ್ಧನರು ಎದ್ದು, ಗುರುವಯ್ಯನ ಮುಂದೆ ನಿಂತು, "ತಪ್ಪಾಯ್ತು ಮಾರಾಯ," ಎಂದರು. ತುಟಿ ನೋಡುತ್ತಿದ್ದ ಗುರುವಯ್ಯ ಆ ಮಾತನ್ನು ಪೂರ್ತಿಯಾಗಿ ತಿಳಿದುಕೊಂಡ.

ಆತನಿಗೆ ಒಣಗಿಸುವ ಕಣದಲ್ಲಿ ಅದೇ ಸಂಬಳದ ಕೆಲಸವಾಯಿತು. ಯಂತ್ರದವರಿಗೆಲ್ಲ ಸದ್ದು ತಡೆಯುವ ಕಿವಿಗಾಪು ಬಂತು. ವರ್ಷಕ್ಕೊಮ್ಮೆ ಪರೀಕ್ಷೆ ಬಂತು. ನೋಡನೋಡುತ್ತಲೇ ಸುತ್ತಲಿನ ಇತರ ಕ್ಯೂರಿಂಗ್ ವರ್ಕ್ಸ್‌ಗಳೂ ಅದನ್ನೇ ಅನುಸರಿಸಿದವು. ಆ ಯಂತ್ರದ ಮುಂದೆ ಅನಂತರ ನಿಂತವರಲ್ಲಿ ಒಬ್ಬರೂ ಕಿವಿ ಕಳೆದುಕೊಂಡಿಲ್ಲವೆಂಬುದು ಡಾ. ಸುಕನ್ಯಾ ಅವರ ಹದಿನೆಂಟು ವರ್ಷಗಳ ಸೇವೆಗೆ ಸಂದ ಬಿರುದು.

ನಿವೃತ್ತಿಯ ಮರುವಾರವೇ ಅವರು ಸಂಸೆ ಎಂಬ ಊರಿನಲ್ಲಿ ಕಿವಿ ಪರೀಕ್ಷೆಯ ಶಿಬಿರ ಗೊತ್ತುಮಾಡಿದ್ದಾರೆ. ಆಯುರಾರೋಗ್ಯ ಅವರಿಗಿರಲಿ, ಗದ್ದಲದಲ್ಲಿ ದುಡಿಯುವವರು ಮನೆಗೆ ಹೋಗಿ ಮಕ್ಕಳ ಪಿಸುಮಾತು ಕೇಳುವಂತೆ ಮಾಡುವ ಈ ಕಾಯಕ ಬಹುಕಾಲ ನಡೆಯಲಿ.