ವಾರಗಿತ್ತಿಯ ಬದಲಿಗೆ ತ್ರಿಂಗಾ

ನಗಬೇಡ ಮಗಳೇ, ತ್ರಿಂಗಾಳ ಹೊಟ್ಟೆಕಿಚ್ಚು ನೀನು ಅಂದುಕೊಂಡಷ್ಟು ಸಣ್ಣದಲ್ಲ. ಆ ಕಿಚ್ಚಿಗೆ ಒಬ್ಬ ಗಂಡಸಿನ ಪ್ರಾಣವೇ ಹೋಗುವುದರಲ್ಲಿತ್ತು.

ತ್ರಿಂಗಾ ಮತ್ತು ದ್ರಾನೆ ಒಂದೇ ಮನೆಗೆ ಬಂದ ವಾರಗಿತ್ತಿಯರು. ತ್ರಿಂಗಾ ಹಿರಿಯವಳು. ಜೋಳದ ರೊಟ್ಟಿ ಸುಡುವುದರಲ್ಲಿ, ಮೇಕೆ ಹಾಲು ಕರೆಯುವುದರಲ್ಲಿ ಅವಳದೇ ಮೇಲುಗೈ. ಅವಳ ಗಿಣ್ಣು ತಿಂದವರು ಬಟ್ಟಲು ನೆಕ್ಕುತ್ತಿದ್ದರು. ಆದರೆ ಬಾಗಿಲಿಗೆ ಬಂದವರು ಕೇಳುತ್ತಿದ್ದುದು ಒಂದೇ ಮಾತು: "ದ್ರಾನೆ ಇದ್ದಾಳಾ?"

ಆಗ ನಮ್ಮ ಬೆಟ್ಟದಲ್ಲಿ ರಕ್ತದ ಹಗೆ ಇಲ್ಲದ ಮನೆಗಳು ಕಡಿಮೆ. ಹಗೆಯಲ್ಲಿ ಸಿಕ್ಕ ಗಂಡಸು ಹೊರಗೆ ಕಾಲಿಟ್ಟರೆ ಗುಂಡು. ಹೆಂಗಸು ಜೊತೆಗೆ ನಡೆದರೆ ಮಾತ್ರ ಯಾರೂ ಬಂದೂಕು ಎತ್ತುವ ಹಾಗಿಲ್ಲ. ಅವಳು ಬೆನ್ನು ತಿರುಗಿಸಿದಳೋ, ಅವನನ್ನು ಬಿಟ್ಟುಕೊಟ್ಟ ಹಾಗೆ. ದ್ರಾನೆ ಹೀಗೆ ಎಷ್ಟೋ ಜನರನ್ನು ಇಗರ್ಜಿಗೆ, ತವರಿಗೆ, ಮದುವೆಗೆ ನಡೆಸಿಕೊಂಡು ಹೋಗಿದ್ದಳು. ಅವರು ಅವಳಿಗೆಂದು ಸಕ್ಕರೆ ಅಚ್ಚು ತರುತ್ತಿದ್ದರು. ಆ ಸಕ್ಕರೆ ಹಾಕಿದ ಕಾಫಿ ತ್ರಿಂಗಾಳಿಗೆ ಕಹಿ.

"ಅವಳೇನು ಮಾಡ್ತಾಳೆ? ಬರೀ ನಡೀತಾಳೆ. ನನಗೇನು ಕಾಲಿಲ್ವಾ?" ಎಂದು ಒಮ್ಮೆ ಕೂಗಾಡಿದಳು.

"ಕಾಲಿದೆ ಕಣೇ, ನಾಲಿಗೆ ಅದಕ್ಕಿಂತ ಉದ್ದ ಇದೆ," ಎಂದಳು ಅತ್ತೆ.

ಹುಲ್ಲು ಕೊಯ್ಯುವ ಕಾಲ. ಪಕ್ಕದ ಮನೆಯ ಪ್ರೆಕ ಗೋಡೆಯ ಮರೆಯಲ್ಲಿ ಬಗ್ಗಿಕೊಂಡು ಬಂದ. ಹೆಂಡತಿ ಸತ್ತವನು, ಜೊತೆಗೆ ಬರಲು ಮನೆಯಲ್ಲಿ ಹೆಂಗಸಿಲ್ಲ. ತೊರೆಯಾಚೆ ಅವನ ತಾಯಿ ಕೊನೆಯುಸಿರಿನಲ್ಲಿದ್ದಳು.

"ದ್ರಾನೆ ಇದ್ದಾಳಾ?"

ದ್ರಾನೆ ಮೇಲಿನ ಹುಲ್ಲುಗಾವಲಲ್ಲಿದ್ದಳು, ಕೂಗಿದರೆ ಓಗೊಡುವಷ್ಟು ದೂರ. ತ್ರಿಂಗಾ ಕೂಗಲಿಲ್ಲ.

"ಇಲ್ಲ. ನಾನಿದ್ದೀನಲ್ಲ, ಕಣ್ಣಿಗೆ ಕಾಣಲ್ವಾ?"

"ಕಾಣ್ತೀಯ ಅಕ್ಕ, ಆದ್ರೆ..."

"ಆದ್ರೆ ಗೀದ್ರೆ ಬೇಡ. ನಡಿ ಮುಂದೆ."

ಅವನ ಹಿಂದೆ ಎರಡೇ ಹೆಜ್ಜೆ ಬಿಟ್ಟು, ಕತ್ತೆತ್ತಿಕೊಂಡು ಹೊರಟಳು. ಯಾವ ಕಲ್ಲಿನ ಹಿಂದೆ ಯಾರಿದ್ದಾರು ಎಂಬ ಯೋಚನೆಯೇ ಅವಳಿಗಿಲ್ಲ. ಇದ್ದದ್ದು ಒಂದೇ: ದ್ರಾನೆ ನೋಡುತ್ತಿದ್ದಾಳಾ? ಅಕ್ರೋಟು ಮರದ ತಿರುವಿಗೆ ಬಂದಾಗ ತಡೆಯಲಾಗಲಿಲ್ಲ. ಪೂರ್ತಿ ಹಿಂದೆ ತಿರುಗಿ ಹುಲ್ಲುಗಾವಲಿನತ್ತ ನೋಡಿದಳು. ದ್ರಾನೆ ತಲೆಯನ್ನೇ ಎತ್ತಿರಲಿಲ್ಲ, ಪಾಪಿ!

ಅವಳ ಬೆನ್ನ ಹಿಂದೆ ಪ್ರೆಕನ ಹೆಜ್ಜೆ ನಿಂತಿತು. ತಿರುಗಿ ನೋಡಿದರೆ, ಬಂಡೆಯ ಮೇಲೆ ಮಾರಾಷ್. ಪ್ರೆಕನ ಮೇಲೆ ಹಗೆಯಿದ್ದ ಮನೆಯವನು. ಬಂದೂಕು ಕೆನ್ನೆಗೆ ಹತ್ತಿತ್ತು.

ತ್ರಿಂಗಾ ಓಡಿಹೋಗಿ ಪ್ರೆಕನ ಮುಂದೆ ಕೈ ಚಾಚಿ ನಿಂತಳು.

"ಮಾರಾಷ್! ನಾನು ಇವನನ್ನ ಬಿಟ್ಟುಕೊಟ್ಟಿಲ್ಲ!"

"ಬೆನ್ನು ತಿರುಗಿಸಿದೆಯಲ್ಲ ತಾಯಿ. ನಾನೇ ನೋಡಿದೆ. ಪಕ್ಕಕ್ಕೆ ಸರಿ."

ಸುಳ್ಳು ಹೇಳಲು ದಾರಿಯಿರಲಿಲ್ಲ. ಗಂಟಲು ಕಿತ್ತುಹೋಗುವ ಹಾಗೆ ಕಿರುಚಿದಳು: "ತಿರುಗಿದ್ದು ವಾರಗಿತ್ತಿ ನನ್ನ ನೋಡ್ತಿದ್ದಾಳಾ ಅಂತ ಕಣೋ! ಹೊಟ್ಟೆಕಿಚ್ಚು ನನ್ನದು! ಅದಕ್ಕೆ ಇವನನ್ನ ಕೊಲ್ತೀಯಾ?"

ಕಣಿವೆ ಆ ಮಾತನ್ನು ಎರಡು ಸಲ ಹೇಳಿತು. ಮಾರಾಷ್ ಬಂದೂಕು ಇಳಿಸಿದ.

"ನಮ್ಮನೇಲೂ ಇಬ್ಬರು ಸೊಸೆಯರಿದ್ದಾರೆ. ಹೋಗು, ಕರ್ಕೊಂಡು ಹೋಗು."

ಪ್ರೆಕನನ್ನು ಅವನ ತಾಯಿಯ ಹೊಸಿಲೊಳಗೆ ಬಿಟ್ಟು, ತ್ರಿಂಗಾ ಮನೆಗೆ ಬಂದಳು. ಅಂಗಳದಲ್ಲಿ ದ್ರಾನೆ ಕುಡುಗೋಲು ಹಿಡಿದು ನಿಂತಿದ್ದಳು.

"ಕೇಳಿಸ್ತಾ?"

"ಇಡೀ ಊರಿಗೇ ಕೇಳಿಸ್ತು ಅಕ್ಕ."

"ನಿನಗೆ ಹಿಂದೆ ತಿರುಗಬೇಕು ಅಂತ ಅನ್ಸೋದೇ ಇಲ್ವೇನೇ?"

"ಪುರುಸೊತ್ತೆಲ್ಲಿ? ಹೊರಡೋ ಮೊದಲೇ ಮನಸ್ಸಲ್ಲಿ ದಾರಿಯೆಲ್ಲ ನಡೆದಿರ್ತೀನಿ. ಇಲ್ಲಿ ಗುಂಡು ಬಂದ್ರೆ ಹೀಗೆ ನಿಲ್ಲೋದು, ಅಲ್ಲಿ ಬಂದ್ರೆ ಹಾಗೆ. ವಾಪಸ್ ಬಂದ್ಮೇಲೆ ಕೊಟ್ಟಿಗೆ ಹಿಂದೆ ಹೋಗಿ ವಾಂತಿ ಮಾಡ್ಕೊಳ್ತೀನಿ."

ತ್ರಿಂಗಾ ಅವಳನ್ನೇ ದಿಟ್ಟಿಸಿದಳು. "ಇಷ್ಟು ವರ್ಷ ಇದನ್ನೂ ಒಬ್ಬಳೇ ಇಟ್ಕೊಂಡಿದ್ಯಾ?" ಎಂದು ಸಿಡುಕಿ, ತಾನೂ ಕೊಟ್ಟಿಗೆಯ ಹಿಂದಕ್ಕೆ ಓಡಿದಳು.

ಆಮೇಲೂ ಜನ ಕೇಳಿದ್ದು ದ್ರಾನೆಯನ್ನೇ. ಅವಳು ಹೊರಟಾಗಲೆಲ್ಲ ಕೂಗಬೇಡ ಅಂದರೂ ಕೇಳದೆ ತ್ರಿಂಗಾ ಬಾಗಿಲಿಗೆ ಬಂದು, "ಅಕ್ರೋಟು ಮರದ ಹತ್ರ ಜೋಪಾನ!" ಎನ್ನುತ್ತಿದ್ದಳು, ಆ ತಿರುವು ತನ್ನದೇ ಅನ್ನುವ ಹಾಗೆ. ಈಗ ಇಬ್ಬರಿಗೂ ಹಲ್ಲಿಲ್ಲ, ಒಲೆ ಬೇರೆ, ಅಂಗಳ ಒಂದೇ.

ಏಳು ಮಗಳೇ, ಈ ಬೆಣ್ಣೆ ತ್ರಿಂಗಾಳಿಗೆ ಕೊಟ್ಟು ಬಾ. ದ್ರಾನೆಗೆ ಬೆಳಿಗ್ಗೆಯೇ ಕಳಿಸಿದೆ ಅಂತ ಮಾತ್ರ ಬಾಯಿಬಿಡಬೇಡ. ಕೇಳಿದರೆ, ಮೊದಲು ನಿನಗೇ ಅಂತ ಹೇಳು.