ಕೊನೆ ನೋಡದವನ ಶಿಫಾರಸು

ಮೊನ್ನೆ ಸಂಜೆ ಕರೆಂಟು ಹೋಯಿತು. ಮನೆಯಲ್ಲಿ ಎಲ್ಲರೂ ಮೊಬೈಲಿನ ಬೆಳಕು ಹಾಕಿಕೊಂಡರು. ನಾನು ಮಾತ್ರ ಬೀರುವಿನ ಮೇಲಿನ ಟಾರ್ಚು ತೆಗೆದು ಸೊಸೆಗೆ ಅಡುಗೆಮನೆಯ ದಾರಿ ತೋರಿಸಿದೆ. "ಮಾವ, ನೀವ್ಯಾಕೆ ಯಾವಾಗ್ಲೂ ಕಾಲ ಹತ್ರಾನೇ ಟಾರ್ಚ್ ಬಿಡ್ತೀರ? ಸ್ವಲ್ಪ ಮೇಲಕ್ಕೆ ಬಿಡಿ, ಡಬ್ಬ ಕಾಣ್ಸಲ್ಲ," ಎಂದಳು. ಅವಳು ಈ ಮನೆಗೆ ಬರುವ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು. ಹಾಗಾಗಿ ಅವಳಿಗೆ ಗೊತ್ತಿಲ್ಲ. ಟಾರ್ಚನ್ನು ಎಂದೂ ಮುಖಕ್ಕೆ ಬಿಡಬಾರದು ಎನ್ನುವುದು ನಾನು ಕಲಿತ ಮೊದಲ ವಿದ್ಯೆ. ಕತ್ತಲಲ್ಲಿ ಯಾರ ಪಕ್ಕ ಯಾರು ಕೂತಿರುತ್ತಾರೋ, ನಮಗೇಕೆ?

ನಾನು ಜಯನಗರದ ಒಂದು ಚಿತ್ರಮಂದಿರದಲ್ಲಿ ಗೇಟ್ ಕೀಪರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು, ಅದನ್ನು ಕೆಡವುವ ತನಕ ಅಲ್ಲೇ ಇದ್ದೆ. ಈಗ ಆ ಜಾಗದಲ್ಲಿ ಬಟ್ಟೆಯಂಗಡಿ ಇದೆ. ಟಿಕೆಟ್ಟು ಹರಿಯುವುದು, ಸೀಟು ತೋರಿಸುವುದು, ಆಟ ಮುಗಿಯುವಾಗ ಬಾಗಿಲು ತೆಗೆಯುವುದು, ಇಷ್ಟೇ ಕೆಲಸ. ಆದರೆ ಸುತ್ತಮುತ್ತಲ ಜನರ ಕಣ್ಣಿಗೆ ನಾನು ಸಿನಿಮಾ ಪಂಡಿತ. ಕ್ಷೌರದಂಗಡಿಯವರು, ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನ ಕ್ಯಾಶಿಯರು, ಎಲ್ಲರೂ ಪೋಸ್ಟರು ನೋಡುವ ಮೊದಲು ನನ್ನನ್ನು ಕೇಳುತ್ತಿದ್ದರು. ನಾನು ಹೇಳಿದ ಮೇಲೆ ಅದಕ್ಕೆ ಅಪೀಲಿಲ್ಲ.

ಈಗಲೂ ಕೇಳುತ್ತಾರೆ. ಪಾರ್ಕಿನಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಓಡುವ ಹುಡುಗರು ನಿಂತು, "ಅಂಕಲ್, ವೀಕೆಂಡ್‌ಗೆ ಒಂದು ಮೂವಿ ಹೇಳಿ," ಎನ್ನುತ್ತಾರೆ. ನನ್ನ ಅಳತೆಗೋಲು ಸರಳ. ಹೀರೋ ಕೂತು ನೆಮ್ಮದಿಯಾಗಿ ಊಟ ಮಾಡುವ ದೃಶ್ಯ ಒಂದಾದರೂ ಇದ್ದರೆ ಆ ಸಿನಿಮಾ ನಂಬಬಹುದು. ಊಟ ತೋರಿಸುವ ವ್ಯವಧಾನ ಇರುವವನಿಗೆ ಕಥೆ ಹೇಳುವ ವ್ಯವಧಾನವೂ ಇರುತ್ತದೆ. ಹೀರೋನ ತಾಯಿಗೆ 'ಅಮ್ಮ' ಎನ್ನುವುದನ್ನು ಬಿಟ್ಟು ಒಂದು ಹೆಸರು ಇದ್ದರೆ ಇನ್ನೂ ಒಳ್ಳೆಯದು. ಮೊದಲ ಹಾಡಿಗೇ ಹಿಮದ ಬೆಟ್ಟ ಬಂದರೆ ಎದ್ದು ಬನ್ನಿ, ನಷ್ಟವಿಲ್ಲ. ಇವತ್ತಿಗೂ ಇದರಲ್ಲಿ ನಾನು ಸೋಲುವುದು ಕಡಿಮೆ.

ಹೀಗೆಲ್ಲ ಎದೆ ಉಬ್ಬಿಸಿ ಮಾತಾಡುವವನು ಒಂದು ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಒಂದು ಸಿನಿಮಾದ ಕೊನೆಯನ್ನೂ ನೋಡಿಲ್ಲ. ಕ್ಲೈಮ್ಯಾಕ್ಸಿನ ಸಂಗೀತ ಶುರುವಾಯಿತೆಂದರೆ ನಾನು ಎದ್ದು ಹೊರಗಿನ ಕಬ್ಬಿಣದ ಬಾಗಿಲುಗಳ ಚಿಲಕ ತೆಗೆಯಬೇಕು, ಮುಂದಿನ ಆಟದ ಜನ ಒಳಗೆ ನುಗ್ಗದಂತೆ ಸಾಲು ಮಾಡಿಸಬೇಕು. ರಜೆಯ ದಿನ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಲ್ವ ಮಾಡುವವನು ರಜೆಯ ದಿನ ಹಲ್ವ ತಿನ್ನುತ್ತಾನೆಯೇ?

ಕೊನೆ ನೋಡದಿದ್ದರೂ ಹೊರಗೆ ಬರುವವರ ಮುಖ ನೋಡುತ್ತಿದ್ದೆ. ಬಾಗಿಲಲ್ಲೇ ತಿಂಡಿಯ ಮಾತು ತೆಗೆದರೆ ಸಿನಿಮಾ ಕೆಟ್ಟಿದೆ. ಸ್ಕೂಟರಿನ ಕೀ ಕೈಯಲ್ಲೇ ಇಟ್ಟುಕೊಂಡು ಕೀ ಹುಡುಕಿದರೆ ಚೆನ್ನಾಗಿದೆ. ಗಂಡಸರು ಕಾರಣವಿಲ್ಲದೆ ಮಕ್ಕಳನ್ನು ಗದರಿದರೆ, ಒಳಗೆ ಅತ್ತಿದ್ದಾರೆ ಎಂದರ್ಥ. ಈ ಮುಖಗಳನ್ನು ಓದಿಯೇ ನಾನು ಪಂಡಿತನಾದದ್ದು. ಕೊನೆ ಹೇಗಾಗುತ್ತದೆ ಎಂದು ಯಾರಾದರೂ ಕೇಳಿದರೆ, ಮುಖ ನೆನಪು ಮಾಡಿಕೊಂಡು ಅದಕ್ಕೊಪ್ಪುವ ಕೊನೆಯೊಂದನ್ನು ಹೇಳಿಬಿಡುತ್ತಿದ್ದೆ.

ಹಾಗೆ ಕೇಳುತ್ತಿದ್ದವರಲ್ಲಿ ಮುಖ್ಯಳು ಗೌರಮ್ಮ. ಅವಳ ಗಂಡ ರಂಗಪ್ಪ ತಲಘಟ್ಟಪುರದಿಂದ ಜಯನಗರದ ಮಾರ್ಕೆಟ್ಟಿಗೆ ಸೊಪ್ಪು ತರುತ್ತಿದ್ದವನು. ಖಾಲಿ ಬುಟ್ಟಿಗಳನ್ನು ನನ್ನ ಗೇಟಿನ ಹತ್ತಿರ ಇಟ್ಟು ಮ್ಯಾಟಿನಿ ನೋಡುತ್ತಿದ್ದ, ಹೀಗೆ ಸ್ನೇಹವಾಯಿತು. ನನ್ನ ಗತ್ತು ನೋಡಿ 'ಮ್ಯಾನೇಜ್ರು' ಎಂದು ಹೆಸರಿಟ್ಟವನೂ ಅವನೇ. ಮದುವೆಯಾದ ಮೇಲೆ ಗೌರಮ್ಮನನ್ನು ಸಂಜೆಯ ಆಟಕ್ಕೆ ಕರೆತರತೊಡಗಿದ. ಆಗ ಅವರ ಊರಿರುವ ಕನಕಪುರ ರಸ್ತೆಯ ಕಡೆಗೆ ಆಟ ಮುಗಿದ ಮೇಲೆ ಬಸ್ಸಿರಲಿಲ್ಲ. ಸಿನಿಮಾ ಬಿಗಿಯಾಗುವ ಹೊತ್ತಿಗೆ ಇಬ್ಬರೂ ಎದ್ದು ಬರುತ್ತಿದ್ದರು. ನಾನು ಬಾಗಿಲನ್ನು ಅರ್ಧ ತೆಗೆದು ಕಳಿಸುತ್ತಿದ್ದೆ. ಗೌರಮ್ಮ ಪರದೆಯ ಕಡೆ ತಿರುಗಿ ತಿರುಗಿ ನೋಡುತ್ತಲೇ ಹೋಗುವಳು. ಮುಂದಿನ ಸಲ ಬಂದಾಗ ಟಿಕೆಟ್ಟು ಕೊಡುವ ಮೊದಲೇ, "ಅಣ್ಣ, ಹೋದ್ಸಲದ್ದು ಕೊನೆಗೆ ಏನಾಯ್ತು?" ಎಂದು ಕೇಳುವಳು. ನಾನು ಹೇಳುತ್ತಿದ್ದೆ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಬೇರೆ ಯಾರೂ ಕೇಳಿಲ್ಲ, ನನ್ನ ಹೆಂಡತಿಯೂ ಸೇರಿ.

ಹಾಗೆ ಅವರು ಅರ್ಧಕ್ಕೆ ಬಿಟ್ಟುಹೋದವುಗಳಲ್ಲಿ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವನೊಬ್ಬನ ಸಿನಿಮಾ ಇತ್ತು. ಅವನ ಹೆಂಡತಿಗೆ ಕಾಯಿಲೆ, ಆಸ್ಪತ್ರೆ. ಅಲ್ಲಿಗೆ ಬರುವ ಹೊತ್ತಿಗೆ ರಂಗಪ್ಪನ ಬಸ್ಸಿನ ಸಮಯ, ನನಗೆ ಚಿಲಕದ ಸಮಯ. ಆದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊರಬರುತ್ತಿದ್ದರು. ಪ್ರತಿ ಆಟಕ್ಕೂ ಹಾಗೆಯೇ. ಇನ್ನೇನು ಬೇಕು? "ಹುಷಾರಾಗಿ ಮನೆಗೆ ಬಂದ್ಲು ಕಣಮ್ಮ, ಗಂಡ ವಾಲಗ ಊದಿ ಒಳಗೆ ಕರ್ಕೊಂಡ," ಎಂದು ಗೌರಮ್ಮನಿಗೆ ಹೇಳಿದೆ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ವರ್ಷಗಳ ಮೇಲೂ ನೆನೆಸಿಕೊಳ್ಳುತ್ತಿದ್ದಳು.

ಈ ವರ್ಷ ಗೌರಮ್ಮ ತೀರಿಕೊಂಡಳು. ರಂಗಪ್ಪ ಈಗ ಸೊಪ್ಪಿನ ತೋಟದ ಜಾಗದಲ್ಲಿ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾನೆ, ಮಗ ಸೊಸೆ ಜೊತೆಗೇ ಇದ್ದಾರೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಕಾರ್ಯವೆಲ್ಲ ಮುಗಿದ ಮೇಲೂ ಅವನ ಬಾಯಿಂದ ಮಾತು ಹೊರಡಲಿಲ್ಲ. ನನಗೆ ತಿಳಿದಿರುವುದು ಒಂದೇ ಔಷಧ. ಫೋನು ಮಾಡಿ, ಈಗ ಹಳೆಯದೆಲ್ಲ ಟಿವಿಯಲ್ಲೇ ಸಿಗುತ್ತದೆ, ಆ ಬ್ಯಾಂಡಿನವನ ಪಿಕ್ಚರು ಹಾಕಿಸಿಕೊಂಡು ನೋಡು, ಮನಸ್ಸು ಹಗುರವಾಗುತ್ತದೆ ಎಂದೆ. ನಕ್ಕು ನಕ್ಕು ಸಾಯುತ್ತೀಯ ಎಂದೂ ಸೇರಿಸಿದೆ.

ಮರುದಿನ ಅವನು ಫೋನು ಎತ್ತಲಿಲ್ಲ. ಅದರ ಮರುದಿನ ಅವನ ಮಗನೇ ಮಾಡಿದ. ಏನು ಸಿನಿಮಾ ಹೇಳಿದಿರಿ ಅಂಕಲ್, ಅಪ್ಪ ಅನ್ನ ಮುಟ್ಟುತ್ತಿಲ್ಲ ಎಂದ. ನಾನು ಅಂಗಿ ಹಾಕಿಕೊಂಡು ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ಆ ನಗುವ ಮುಖಗಳನ್ನು ನೆನಪು ಮಾಡಿಕೊಂಡೆ. ನನ್ನ ಲೆಕ್ಕ ತಪ್ಪಿರಲು ಸಾಧ್ಯವೇ ಇಲ್ಲ ಎನ್ನಿಸುತ್ತಿತ್ತು.

ರಂಗಪ್ಪ ನಡುಮನೆಯ ಸೋಫಾದ ಮೇಲೆ ಕೂತಿದ್ದ. ಬಾ ಎನ್ನಲಿಲ್ಲ.

"ಅವಳು ಸತ್ತೋಗ್ತಾಳೆ ಕಣಯ್ಯ," ಎಂದ. "ಆ ಪಿಕ್ಚರಲ್ಲಿ. ಆಸ್ಪತ್ರೇಲೇ ಸತ್ತೋಗ್ತಾಳೆ."

ನಾನು ಎದುರಿನ ಕುರ್ಚಿಯಲ್ಲಿ ಕೂತೆ.

"ನಮ್ ಗೌರಿ ಆಸ್ಪತ್ರೇಲಿ ಕೊನೇ ವಾರದಲ್ಲೂ ಅದನ್ನೇ ಅಂತಿದ್ಲು. ಆ ಪಿಕ್ಚರಲ್ಲಿ ಬಂದಂಗೆ ನಾನೂ ಮನೆಗೆ ಬರ್ತೀನಿ, ನೀವು ವಾಲಗದವರಿಗೆ ಹೇಳಿಟ್ಟಿರಿ ಅಂತ." ಅವನು ರಿಮೋಟನ್ನು ಪಕ್ಕಕ್ಕೆ ತಳ್ಳಿದ. "ಅವಳಿಗೆ ಸುಳ್ಳು ಹೇಳಿದ್ದು ಹೇಳ್ದೆ, ಹೋಗ್ಲಿ. ನನಗ್ಯಾಕೆ ನೋಡು ಅಂದೆ?"

ಆಗ ಹೇಳಿದೆ. ಚಿಲಕ, ಸಾಲು, ಮುಖಗಳು, ಕಟ್ಟಿದ ಕೊನೆಗಳು, ಎಲ್ಲವನ್ನೂ. ತಪ್ಪು ಒಪ್ಪಿಕೊಳ್ಳುವಾಗಲೂ ಮನುಷ್ಯನಿಗೆ ತನ್ನ ಕಸುಬಿನ ಹಟ ಬಿಡುವುದಿಲ್ಲ ನೋಡಿ. ಕೊನೆಗೆ ನನ್ನ ಬಾಯಿಂದ ಬಂದದ್ದು ಕ್ಷಮೆಯ ಮಾತಲ್ಲ.

"ಮತ್ತೆ ಜನ ಯಾಕೆ ನಗ್ತಾ ಬರ್ತಿದ್ರು ರಂಗ?"

ಪಿಕ್ಚರಲ್ಲಿ ಅವಳು ಸತ್ತ ಕೂಡಲೇ ಟಿವಿ ಆರಿಸಿದೆ, ಮುಂದೇನಿತ್ತೋ ಗೊತ್ತಿಲ್ಲ ಎಂದ ಅವನು. ಆಮೇಲೆ ಮಗನನ್ನು ಕೂಗಿ, ಅದೇ ಜಾಗಕ್ಕೆ ಹಾಕಿಸಿದ.

ಆಸ್ಪತ್ರೆಯ ಮಂಚ ಬಂತು. ಪಿಟೀಲು ಶುರುವಾಯಿತು. ನನಗೇ ತಿಳಿಯದಂತೆ ನನ್ನ ಕಾಲು ಎದ್ದಿತ್ತು. ನಾನು ಆಗಲೇ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. ರಂಗಪ್ಪ ನನ್ನ ಅಂಗಿ ಹಿಡಿದು ಎಳೆದ.

"ಕೂತ್ಕೊಳಯ್ಯ ಮ್ಯಾನೇಜ್ರೇ. ಇವತ್ತು ಹಿಡಿಯೋಕೆ ಯಾವ ಬಸ್ಸೂ ಇಲ್ಲ."

ಕೂತೆ. ಅವಳು ಸತ್ತಳು. ಇಷ್ಟು ವರ್ಷ ನಾನು ಯಾವುದಕ್ಕೆ ಬೆನ್ನು ಹಾಕಿ ನಿಂತಿದ್ದೆನೋ ಅದು ನನ್ನ ಮುಂದೆ ನಡೆಯಿತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಒಂದು ಮದುವೆಮನೆ. ಅದೇ ಬ್ಯಾಂಡು. ಡೋಲು ಬಾರಿಸುವ ದಪ್ಪನೆಯವನು ಹಿಂದೆ ಹಿಂದೆ ಸರಿಯುತ್ತಾ ಹೋಗಿ ಡೋಲಿನ ಸಮೇತ ಸಾರಿನ ಹಂಡೆಯೊಳಗೆ ಕೂತುಬಿಟ್ಟ. ಬೀಗರು ಬಡಿಸುವ ಸೌಟು ಹಿಡಿದು ಅವನನ್ನು ಅಟ್ಟಿಸಿಕೊಂಡು ಹೋದರು. ಅಲ್ಲಿಗೆ 'ಶುಭಂ'. ಅತ್ತುಕೊಂಡು ಮನೆಗೆ ಹೋಗಬೇಡಿ ಎಂದು ಯಾವನೋ ಪುಣ್ಯಾತ್ಮ ಇದನ್ನು ಕೊನೆಗೆ ಅಂಟಿಸಿದ್ದ. ನಾನು ಆ ಬಾಲವನ್ನು ಇಡೀ ಕಥೆ ಎಂದುಕೊಂಡಿದ್ದೆ.

ರಂಗಪ್ಪನ ಗಂಟಲಿಂದ ಒಂದು ಸದ್ದು ಬಂತು. ನಗುವೋ ಬೇರೆಯೋ, ಅವನ ಮುಖವನ್ನು ನಾನು ಓದಲು ಹೋಗಲಿಲ್ಲ. ಅವನ ಸೊಸೆ ತಟ್ಟೆಯಲ್ಲಿ ಅನ್ನ ತಂದಿಟ್ಟಳು. ಅವನು ಕಲಸಿಕೊಂಡ.

ಈಗ ಭಾನುವಾರಗಳಂದು ನಾನು ತಲಘಟ್ಟಪುರಕ್ಕೆ ಹೋಗುತ್ತೇನೆ. ಅವರಿಬ್ಬರೂ ಅರ್ಧಕ್ಕೆ ಎದ್ದು ಬಂದ ಸಿನಿಮಾಗಳನ್ನು ಹುಡುಕಿ ಹಾಕಿಸಿ ಕೊನೆಯ ತನಕ ನೋಡುತ್ತೇವೆ. ಪಾರ್ಕಿನ ಹುಡುಗರಿಗೂ ಪೂರ್ತಿ ನೋಡಿದ್ದನ್ನು ಮಾತ್ರ ಹೇಳುತ್ತೇನೆ, ಪಟ್ಟಿ ಚಿಕ್ಕದಾಗಿದೆ. ನಾನು ಗೌರಮ್ಮನಿಗೆ ಹೇಳಿದ್ದ ಕೊನೆಗಳಲ್ಲಿ ಕೆಲವು ಸರಿಯಾಗಿಯೇ ಇವೆ. ಅಂಥ ದಿನ ನಾನು ಸ್ವಲ್ಪ ಬೀಗುತ್ತೇನೆ, ರಂಗಪ್ಪ ಬೈಯುತ್ತಾನೆ.

ಕಳೆದ ಭಾನುವಾರದ್ದು ಪೂರ್ತಿ ತಪ್ಪಾಗಿತ್ತು. ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ಎಲೆಯಲ್ಲಿ ಉಂಡರು ಎಂದು ಅವಳಿಗೆ ಹೇಳಿದ್ದೆ. ಪರದೆಯ ಮೇಲೆ ತಮ್ಮ ಹಿಂತಿರುಗಿಯೂ ನೋಡದೆ ಲಾರಿ ಹತ್ತಿ ಹೊರಟೇಹೋದ. ರಂಗಪ್ಪ ಟಿವಿ ಆರಿಸಿದ.

"ಇದನ್ನ ಗೌರಿ ಒಪ್ತಿರ್ಲಿಲ್ಲ ಕಣಯ್ಯ," ಎಂದ. "ನಿನ್ನದೇ ಇರ್ಲಿ."