ನನ್ನ ಅರ್ಜಿ ಟೈಪ್ ಮಾಡಿಕೊಟ್ಟ ಲಕ್ಷ್ಮಮ್ಮ

"ಇದ್ರಲ್ಲಿ ಬರೀ ನಿಮ್ಮ ತಂದೆಯವರ ವಿಷಯಾನೇ ಇದೆಯಲ್ರೀ. ಕೆಲಸ ಬೇಕಾಗಿರೋದು ನಿಮಗಲ್ವಾ?"

ಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಅರ್ಜಿ ಟೈಪ್ ಮಾಡುತ್ತಿದ್ದ ಲಕ್ಷ್ಮಮ್ಮ ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ. ಅದು ಅರವತ್ತರ ದಶಕ. ಅರ್ಜಿ ಹಾಕುತ್ತಿದ್ದದ್ದು ಹತ್ತಿರದ ಶಾಲೆಯ ಟೀಚರ್ ಕೆಲಸಕ್ಕೆ. ಸಾರಕ್ಕಿಯಿಂದ ಟೈಪಿಂಗ್ ಕಲಿಯಲು ಬರುತ್ತಿದ್ದ ಆಕೆಗೆ ನನ್ನದೇ ವಯಸ್ಸು.

"ಬರ್ಕೊಳ್ಳೋಕೆ ನಾನೇನ್ರೀ ಮಾಡಿದ್ದೀನಿ?" ಎಂದೆ. ಆಕೆ ಬಿಡದೆ ಕೆದಕಿದಾಗ, ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರಿಗೆ ಓದುಬರಹ ಕಲಿಸುವುದನ್ನು ಹೇಳಿದೆ.

"ಅಯ್ಯೋ, ಅದನ್ನಲ್ವಾ ಮೊದಲು ಬರೀಬೇಕಾಗಿದ್ದು!" ಎಂದವಳೇ ಹೊಸ ಹಾಳೆ ಸೇರಿಸಿ ಮೊದಲಿನಿಂದ ಟೈಪ್ ಮಾಡಿಕೊಟ್ಟಳು.

ಸಂದರ್ಶನದ ದಿನ ಶಾಲೆಗೆ ಹೋದರೆ, ಹೊರಗಿನ ಬೆಂಚಿನ ಮೇಲೆ ಲಕ್ಷ್ಮಮ್ಮ! ನನ್ನ ಅರ್ಜಿ ಟೈಪ್ ಮಾಡುವ ಮೊದಲೇ ಅವಳೂ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದಳು. ನನ್ನನ್ನು ನೋಡಿ ನಕ್ಕು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಒಳಗೆ ನನ್ನನ್ನು ಕೇಳಿದ್ದೆಲ್ಲ ಆ ಜಗಲಿ ಪಾಠದ ಬಗ್ಗೆಯೇ. ಕೆಲಸ ನನಗೆ ಸಿಕ್ಕಿತು. ಮುಂದೆ ಅವಳಿಗೆ ಬೇರೊಂದು ಕಡೆ ಕೆಲಸವಾಯಿತೆಂದು ಕೇಳಿ ಸಮಾಧಾನಪಟ್ಟೆ.

ನಿವೃತ್ತಿಯವರೆಗೂ ಅದೇ ಶಾಲೆಯಲ್ಲಿ ಪಾಠ ಮಾಡಿದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಹಾಳೆ ಬದಲಿಸುತ್ತಿದ್ದೆನೇ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಹೌದೆನ್ನಲು ಧೈರ್ಯ ಬರುವುದಿಲ್ಲ.